ಭಾಗಾಕಾರ

ಶಾಲೆಯ ಹಿಂದಿನ ಜಾಗ. ಒಡೆದ ಹೆಂಚು, ಪಾರ್ಥೇನಿಯಂ,
ಯಾವ ಕಾಲದ್ದೋ ಒಂಟಿ ಚಪ್ಪಲಿ.
"ಇಲ್ಲೇ ಮಾಡಿ ಮೇಡಂ" ಎಂದರು ಹೆಡ್‌ಮಾಸ್ಟರ್ ಓಂಕಾರಪ್ಪ,
ಕೈತೋಟದ ಸುತ್ತೋಲೆಯನ್ನು
ನಾಲ್ಕಾಗಿ ಮಡಿಸಿ ಕಿಸೆಗಿಡುತ್ತ.

ನಾನು ಹಾಸನದ ಪೇಟೆಯವಳು.
ಮನೆ ಮುಂದೆ ಇದ್ದದ್ದು ಒಂದೇ ತುಳಸಿ,
ಅದಕ್ಕೂ ನೀರು ಹಾಕುತ್ತಿದ್ದವರು ಪಕ್ಕದ ಮನೆಯವರು.
ಬಾಣಾವರದ ಸಂತೆಯಲ್ಲಿ ಬೀಜ ಕೊಂಡದ್ದು
ಪೊಟ್ಟಣದ ಮೇಲಿನ ಚಿತ್ರ ನೋಡಿ.

ಮೊದಲ ದಿನ ಅಳೆದದ್ದೇ ಹೆಚ್ಚು, ಅಗೆದದ್ದು ಕಡಿಮೆ.
ಉದ್ದ ಎಂಟಡಿ, ಅಗಲ ಮೂರಡಿ,
ವಿಸ್ತೀರ್ಣ ಎಷ್ಟು? ಎಂದೆ.
ತೀರ್ಥೇಶ ಒಂದು ಹಿಡಿ ಮಣ್ಣು ಮೂಸಿ ನೋಡಿ
"ಗೊಬ್ಬರ ಸಾಲ್ದು ಮಿಸ್" ಎಂದ.
ಮರುದಿನ ಅವನ ಚೀಲದಲ್ಲಿ
ಪರಿಸರ ಅಧ್ಯಯನದ ಪಕ್ಕ ಕುರಿಹಿಕ್ಕೆ.
ಒಂದು ವಾರ ನಾಲ್ಕನೇ ತರಗತಿಗೆ
ರೊಪ್ಪದ ವಾಸನೆ.

ಬೋರಿನ ನೀರು ದಿನ ಬಿಟ್ಟು ದಿನ.
ಹಾಗಾಗಿ ಕಾನೂನು ಅವರೇ ಮಾಡಿಕೊಂಡರು:
ಕೈ ತೊಳೆದದ್ದು ಹೀರೆಗೆ,
ತಟ್ಟೆ ತೊಳೆದದ್ದು ಬದನೆಗೆ,
ಬಾಯಿ ಮುಕ್ಕಳಿಸಿ ಪಾತಿಗೆ ಉಗಿದವನಿಗೆ
ಎರಡು ದಿನ ಪೊರಕೆ.
ಸಂಜೆ ಅರಸೀಕೆರೆ ಕಡೆಯ ಗಾಡಿ ಕೂಗಿದರೆ
ಬಿಂದಿಗೆ ಎತ್ತಬೇಕು.
ಗಾಡಿ ತಡವಾದ ದಿನ
ಗಿಡಗಳೂ ತಲೆ ತಗ್ಗಿಸಿ ಕಾಯುತ್ತಿದ್ದವು.

ಆಮೇಲೆ ನಾನೊಂದು ಪಾಪ ಮಾಡಿದೆ.
ಕಳೆ ಎಂದು ಒಂದು ಸಾಲು ಪೂರ್ತಿ ಕಿತ್ತು
ಕೈ ಕೊಡವಿಕೊಂಡು ಒಳಗೆ ಬಂದೆ.
ಹುಲ್ಲಿನಂತೆಯೇ ಇತ್ತು, ನಿಮ್ಮಾಣೆ.
ಊಟಕ್ಕೆ ಕೂತಾಗ ಬೆರಳಿನ ಘಾಟು ಹೇಳಿತು,
ಈರುಳ್ಳಿ ಎಂದು.
ಓಡಿಹೋಗಿ ನೋಡಿದರೆ
ತಾಂಡ್ಯದ ಹುಡುಗಿ ಹೇಮ್ಲಿ
ಒಂದೊಂದನ್ನೇ ಮತ್ತೆ ನೆಟ್ಟು, ಬುಡಕ್ಕೆ ಒತ್ತಿ,
ಕೊನೆಯ ಸಸಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ.
ನಗಲಿಲ್ಲ.
"ಗಾಳಿಗೆ ಬಿದ್ದೋಗಿತ್ತು ಮಿಸ್" ಎಂದಳು.

ಗಾಳಿ ಇರಲಿಲ್ಲ.
ಹೋದ ತಿಂಗಳು ಇವಳ ಕಾಪಿಯಲ್ಲಿ
ತಪ್ಪಿದ ಒತ್ತಕ್ಷರಗಳ ಮೇಲೆ ಗೀಟು ಎಳೆದಿದ್ದೆ,
ಹಾಳೆ ಹರಿಯುವಷ್ಟು ಕೆಂಪಾಗಿ.

ಮೊದಲ ಕೊಯ್ಲು: ಹನ್ನೊಂದು ಬದನೆಕಾಯಿ.
ಮಕ್ಕಳು ನಲವತ್ತಮೂರು.
ಭಾಗಿಸಿ, ಎಂದೆ. ಬೋರ್ಡಿನ ಮೇಲೆ ಬರೆದೂ ಬರೆದೆ.
"ಹೋಗಲ್ಲ ಮಿಸ್" ಎಂದು ಒಕ್ಕೊರಲು.
ಒಂದನೇ ತರಗತಿಯವರಿಗೆ ಬೇಡ, ನೀರೇ ಹೊತ್ತಿಲ್ಲ, ಎಂದ ತೀರ್ಥೇಶ.
ಮಾರಿ ಚೆಂಡು ತರೋಣ, ಎಂದಳು ಮುಬೀನಾ.
ಫೋಟೋ ಆಗಲಿ ಮೊದಲು, ಎಂದರು ಓಂಕಾರಪ್ಪ.
ಒಂದರ ತೂತಿನಿಂದ ಹುಳವೂ ತಲೆ ಹಾಕಿ
ತನ್ನ ಪಾಲು ತಿಂದಾಗಿದೆ ಎಂದಿತು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ
ಅಡುಗೆಯ ಸಿದ್ದಗಂಗಮ್ಮ
"ತತ್ತಾ ಇತ್ತ" ಎಂದು ಅಷ್ಟನ್ನೂ ಮಡಿಲಿಗೆ ಬಳಿದುಕೊಂಡರು.
ಮಧ್ಯಾಹ್ನ ಸಾರಿನಲ್ಲಿ ನಲವತ್ತಮೂರು ಬೆರಳು ತಡಕಾಡಿದವು.
ಸಿಕ್ಕಿದ್ದು ಕೆಲವರಿಗೆ ನೇರಳೆ ಸಿಪ್ಪೆ, ಕೆಲವರಿಗೆ ಬರೀ ಬೀಜ,
ಉಳಿದವರಿಗೆ ಘಮ.
"ಇದು ನಂದೇ, ನಾನ್ ನೆಟ್ಟಿದ್ದು!"
ಯಾರ ತಟ್ಟೆಗೆ ಎಷ್ಟು ಹೋಯಿತೆಂದು
ಸಾರಿಗೂ ಗೊತ್ತಿರಲಿಲ್ಲ.
ಬೋರ್ಡಿನ ಮೇಲೆ ಲೆಕ್ಕ ಅರ್ಧಕ್ಕೇ ನಿಂತಿತ್ತು.
ನಾನೂ ಒರೆಸಲಿಲ್ಲ.

ತಿಂಗಳಾದ ಮೇಲೆ ಕಂಡಿತು,
ಎಲೆಯ ಮರೆಯಲ್ಲಿ, ಕೆಂಪು ಚಿಂದಿ ಕಟ್ಟಿಸಿಕೊಂಡು
ಹಳದಿಗೆ ತಿರುಗಿ ಭಾರವಾಗಿ
ಹನ್ನೆರಡನೆಯದು.
ಹೇಮ್ಲಿಯನ್ನು ಕರೆದು ಕೇಳಿದೆ.

"ಬೀಜಕ್ಕೆ ಬಿಟ್ಟಿದ್ದು ಮಿಸ್.
ಅದು ಲೆಕ್ಕಕ್ಕೆ ಬರಲ್ಲ."