ಟೆಂಡರ್

ವಾಚ್‌ರೂಮಿನಾಗ ಕುಂತು ಏಳು ವರ್ಷ ಆತು.
ಫೋನ್ ಎತ್ತಿದ್ರ ಒಬ್ಬೊಬ್ಬರ ಬಾಯಾಗ ಒಂದೊಂದು ಹೆಸರು:
ಫೈರಿಂಜನ್ ಕಳಸ್ರಿ, ಬೆಂಕಿ ಗಾಡಿ ಕಳಸ್ರಿ,
ಬಂಬ ಕಳಸ್ರಿ ಸಾಹೇಬರ,
ಅದೇ ಕೆಂಪು ಲಾರಿ, ಗಂಟಿ ಹೊಡಕೋತ ಓಡ್ತದಲ್ಲ, ಅದು.
ಒಮ್ಮೆ ಒಂದು ಹುಡುಗ ಬರೇ ‘ನೀರು’ ಅಂದು ಇಟ್ಟುಬಿಟ್ಟ.
ನಂಬರ್ ನೋಡಿ ನಾವೇ ತಿರುಗಿ ಹಚ್ಚಿದ್ವಿ.

ಟೆಂಡರ್ ಕಳಸ್ರಿ ಅಂದವರು
ಇವತ್ತಿನತನಕ ಕಲಬುರಗಿಯಾಗ ಒಬ್ಬರೂ ಇಲ್ಲ.
ರಜಿಸ್ಟರಿನಾಗ ಮಾತ್ರ ಹಂಗೇ ಬರೀಬೇಕು:
ವಾಟರ್ ಟೆಂಡರ್ ಹೊರಟದ್ದು ೨-೧೪.
ವಾಟರ್ ಟೆಂಡರ್ ಮರಳಿದ್ದು ೫-೪೦.
ನಡುವಿನದ್ದು ಬರೀಲಾಕ ಕಾಲಮ್ ಭಾಳ ಸಣ್ಣದದ.

ನಮ್ಮ ಮನಿಯಾಕಿ ಶರಣಮ್ಮ ನಗ್ತಾಳ:
ಟೆಂಡರ್ ಅಂದ್ರ ಗುತ್ತೇದಾರ್ರದಲ್ಲೇನು?
ಕಡಿಮಿ ರೊಕ್ಕಕ್ಕ ಬರದವಗೇ
ಬೆಂಕಿ ಆರಸಾದು ಸಿಗ್ತದೇನು?
ಮಗಳು ಪುಸ್ತಕ ತಂದು ತೋರಸ್ತಾಳ,
ಟೆಂಡರ್ ಅಂದ್ರ ಎಳೀದು, ಮೆತ್ತಂದು,
ಬೀಜ ಕಟ್ಟದ ಸೌತಿಕಾಯಿ ಹಂಗ.
ಒಂದಿನ ಠಾಣೆಗೆ ಬಂದಾಕಿ ಬಾನೆಟ್ ಮ್ಯಾಲ ಕೈ ಇಟ್ಟು
ಚಟ್ಟನ ಹಿಂದಕ್ಕ ತಗದಳು.
ಪಪ್ಪಾ, ಇದು ಏನೂ ಟೆಂಡರ್ ಇಲ್ಲ.

ನಮ್ಮ ಮುತ್ಯಾ ಹಳ್ಳೆಪ್ಪ
ವಾಡಿ ಜಂಕ್ಷನ್ನಿನಾಗ ಫೈರ್‌ಮನ್ ಇದ್ದ.
ಉಗಿ ಇಂಜಿನ್ನಿನ ಬೆನ್ನಿಗೆ ಟೆಂಡರ್ ಅಂಬಾದೊಂದು ಡಬ್ಬಿ,
ಅರ್ಧ ಕಲ್ಲಿದ್ದಲಿ, ಅರ್ಧ ನೀರು.
ಸಲಿಕಿ ಹಾಕಿ ಹಾಕಿ ಬೆಂಕಿಗೆ ಉಣಸಿದವ.
ನನಗೂ ಫೈರ್‌ಮನ್ ಅಂತ ಆರ್ಡರ್ ಬಂದಾಗ
ನನ್ನ ಅಂಗೈ ತೊಗೊಂಡು, ತಿರುವಿ ನೋಡಿ, ಕೇಳಿದ:
ಈಗ ಕಲ್ಲಿದ್ದಲಿ ಎಲ್ಲದನೋ?
ಇಲ್ಲ ಮುತ್ಯಾ, ನಾ ಆರಸಾಂವ.
ಭಾಳ ಹೊತ್ತು ಸುಮ್ಮನಿದ್ದ. ಬೀಡಿ ಆರಿತ್ತು.
ಮತ್ತ ಆ ಡಬ್ಬಿ? ಅಂದ.
ಅದು ನನಗೂ ಅದ, ಅಂದೆ.
ಹಂಗಾದ್ರ ಸೈ, ಅದು ಕಾಯೂ ಸಾಮಾನು,
ಇಂಜಿನ್ ಬಿಟ್ಟು ಹೋಗಾದಲ್ಲ.

ಕಾಯಾದು!
ಎಂಥ ಮಾತು ಅದ ನಮ್ಮ ಬಾಯಾಗ.
ಕುರಿ ಕಾಯ್ತಾನ, ಹಂಚು ಕಾಯ್ತದ,
ಬಸ್ಸಿಗೆ ಕಾಯ್ತಾರ, ಹೊಲ ಕಾಯ್ತಾರ,
ಬಿಸಿಲಿಗೆ ತಲಿ ಕಾಯ್ತದ.
ಬೆಂಕೀದೂ ಅದೇ ಕೆಲಸ, ನಂದೂ ಅದೇ.

ಆ ರಾತ್ರಿ ಮೌಲಾಬಿ ಫೋನ್ ಮಾಡಿದ್ಳು,
ದಾಲ್ ಮಿಲ್ಲಿನ ವಾಚ್‌ಮನ್ನನ ಹೆಂಡತಿ,
ತೊಗರಿ ಹೊಟ್ಟಿನ ಬಣವಿಗೆ ಬೆಂಕಿ.
ಮಂದಿ ಕಡಿಮಿ ಇದ್ರು. ಫೋನ್ ಹೋಂಗಾರ್ಡಗ ಕೊಟ್ಟು
ನಾನೂ ಲಾಡ್ಲೆಸಾಬನ ಬಾಜೂಕ ಹತ್ತಿ ಕುಂತೆ.
ಉರಿ ಆರಿದ್ದು ಇಪ್ಪತ್ತು ನಿಮಿಷಕ್ಕ.
ಖರೇ ಅಂದ್ರ ಆಮ್ಯಾಲೇ ಕೆಲಸ.
ಹೊಟ್ಟು ಮ್ಯಾಲ ಕರ್ರಗ ತಣ್ಣಗ ಕಾಣ್ತದ,
ಒಳಗ ಸೇಡು ಇಟ್ಟುಕೊಂಡವರಂಗ ಕೆಂಪಗ ಇರ್ತದ.
ಕೆದರಾದು, ಹನಸಾದು, ಮತ್ತ ಕೆದರಾದು.
ಮೌಲಾಬಿ ಸೊಸಿಗೆ ಚಹಾ ಕುದಸಲಾಕ ಹಚ್ಚಿ
ಗೋಡಿಗೆ ಆನಿ ಕುಂತಳು, ಮೊಮ್ಮಗ ತೊಡಿ ಮ್ಯಾಲ.
ನೀವು ಹೋಗ್ತೀರೇನು? ಎರಡು ಸಲ ಕೇಳಿದ್ಳು.
ಇಲ್ಲ ಯವ್ವಾ, ಗಾಡಿ ಇಲ್ಲೇ ಅದ.
ಹುಡುಗ ಮಕ್ಕೊಂಡ. ಆಮ್ಯಾಲ ಅಕಿನೂ.

ಬೆಳಿಗ್ಗೆ ರಜಿಸ್ಟರಿನಾಗ
ಆ ಸಣ್ಣ ಕಾಲಮ್ಮಿನಾಗ ಬರದೆ: ಕಾಯ್ದದ್ದು, ಮೂರು ತಾಸು.
ಸಾಹೇಬರು ಕೆಂಪು ಪೆನ್ನಿಂದ ಹೊಡದು
ಟೆಂಡರ್ ಸ್ಟ್ಯಾಂಡ್‌ಬೈ ಅಂತ ತಿದ್ದಿದ್ರು.
ತಪ್ಪೇನಿಲ್ಲ. ಒಂದೇ ಮಾತದು.

ಅಷ್ಟರಾಗ ಫೋನ್.
ಹೆಣ್ಣಮಗಳ ದನಿ, ಉಸಿರು ಸಿಗವಲ್ಲದು.
ಸಾಹೇಬರ, ಅದಕ್ಕ ಏನೋ ಅಂತಾರಲ್ಲರಿ,
ಆ ಗಾಡಿ, ಆ…

ಹೆಸರು ಬ್ಯಾಡ ಯವ್ವಾ.
ಎಲ್ಲಿ ಅಂಬಾದು ಹೇಳು.