ಗೊರಕಿ

ಏಪ್ರಿಲ್ ತಿಂಗಳದಾಗ ನಮ್ಮ ಸಪ್ತಾಹ.
ಕೆಂಪು ಗಾಡಿ ತೊಳದು, ಎರಡು ಬಾಳಿಕಂಬ ಕಟ್ಟಿ
ಬನಹಟ್ಟಿಯ ಮಗ್ಗದ ಓಣಿಗೆ ಒಯ್ತೀವಿ.
ಹುಡುಗರು ಗಾಲಿ ಮುಟ್ಟಿ ನೋಡ್ತಾವ.
ಹೆಣ್ಮಕ್ಕಳು ಕಂಡಿಕಿ ಸುತ್ತೂದು ಬಿಟ್ಟು
ಹೊಸ್ತಿಲಿಗೆ ಬರ್ತಾರ.
ಡಬ್ಬಿಗೆ ಡೀಸೆಲ್ ಹಾಕಿ ಬೆಂಕಿ ಹಚ್ಚತೀವಿ,
ಆರಸಿ ತೋರಸ್ತೀವಿ.
ಚಪ್ಪಾಳಿ.
ಸಿಲಿಂಡರ್ ಸೋರಿದ್ರ ಸ್ವಿಚ್ ಮುಟ್ಟಬ್ಯಾಡ್ರಿ,
ಹೊಗಿಯೊಳಗ ತೆವಳಿ ಬರ್ರಿ.
ಇಷ್ಟ ಇತ್ತು ನಮ್ಮ ಹಳೇ ಭಾಷಣ.

ಈ ಸಲ ಅದು ಮುಗದ ಮ್ಯಾಲ
ಕಿಸೇದಾಗಿಂದ ಒಂದು ಗುಳಿಗಿ ಹಾಳಿ ತಗದೆ.
ಹತ್ತು ಮನಿ. ಒಂಬತ್ತು ಖಾಲಿ.
ಹಿಂದಿನ ಹೆಸರು ಯಾರೋ ಉಗರಿಂದ ಕೆರದಾರ.

ಮಂದಿ ನಕ್ಕರು.
"ದುಂಡಪ್ಪಾ, ನೀ ಯಾವಾಗ ಡಾಕ್ಟರ್ ಆದಿ?"
ಖರೇನ. ನಾವು ನೀರಿನ ಮಂದಿ.
ಕಬ್ಬಿನ ಗದ್ದಿ, ಹುಲ್ಲಿನ ಬಣವಿ,
ಬಾವಿಗೆ ಬಿದ್ದ ಎಮ್ಮಿ,
ಇವು ಗೊತ್ತು ನಮಗ.

ಆದ್ರೂ ಕೇಳ್ರಿ ಅಂದೆ.
ಹ್ವಾದ ಶ್ರಾವಣದಾಗ ಒಂದು ಕರೆ: ಶೆಡ್ಡಿನ್ಯಾಗ ಹೊಗಿ.
ಹೋಗಿ ನೋಡಿದ್ರ ಒಂದು ಮೂಲ್ಯಾಗ
ಬೀಡಿ ಕಿಡಿಗೆ ನೂಲಿನ ಚಿಂದಿ ಸುಡತಿತ್ತು.
ಎರಡು ಬಕೀಟು. ಮುಗೀತು.
ಮೈನುದ್ದೀನ ಪೈಪು ಸುತ್ತಾಕತ್ತಿದ್ದ.
ಆಗ ಕಂಡ್ವು,
ಮಗ್ಗದ ಹಿಂದ ಎರಡು ಕಾಲು.

ಮೂಗಿನ್ಯಾಗ ಮಸಿ ಇಲ್ಲ.
ಒಂದು ಕೂದಲಾ ಸುಟ್ಟಿಲ್ಲ.
ತುಟಿ ಮಾತ್ರ ನೀಲಿ, ನೇರಳಿ ಹಣ್ಣು ತಿಂದಾವ್ರಂಗ.
ರೆಪ್ಪಿ ಎತ್ತಿ ಬ್ಯಾಟರಿ ಬಿಟ್ಟೆ:
ಕಣ್ಣಿನ ಬೊಂಬಿ ಸಾಸಿವಿ ಕಾಳು.
ಹತ್ತೊಂಬತ್ತರಾಂವ, ಗುರುಸಿದ್ದ.
ಮಗ್ಗದ ಮ್ಯಾಲ ಅರ್ಧ ಸೀರಿ, ಹಸರು ದಡಿ.

ಬಾಜೂ ಮಗ್ಗದಾಂವ ಅಳಕೋತ ಅಂದ:
"ಒಂದು ತಾಸಿನಿಂದ ಗೊರಕಿ ಹೊಡ್ಯಾಕತ್ತಿದ್ದರೀ.
ಎರಡು ಪಾಳಿ ಮಾಡ್ಯಾನ, ಮಲಕೊಳ್ಳಲಿ ಅಂತ ಬಿಟ್ವಿ."
ತನ್ನ ಚಾದರ ಸುದ್ದಾ ಹೊಚ್ಚಿದ್ದ ಪಾಪ,
ಜ್ವಾಕಿಲೆ, ಪಾದ ಮುಚ್ಚೂ ಹಂಗ.

ಅದು ನಿದ್ದಿ ಅಲ್ಲರೀ.
ಉಸರು ಮುಳುಗೂ ಸಪ್ಪಳ ಅದು.
ಬಾಗಲಕೋಟಿ ದವಾಖಾನಿ ಡಾಕ್ಟರಬಾಯಿ ಆಮ್ಯಾಲ ತಿಳಿಸಿದಳು.
ಫೆಂಟನಿಲ್ ಅಂತ ಒಂದು ಹೆಸರು ಹೇಳಿದಳು,
ಉಪ್ಪಿನ ನಾಕು ಹರಳಿನಷ್ಟು ಸಾಕಂತ.
ನಮ್ಮ ಹುಡುಗನ ಗುಳಿಗ್ಯಾಗ ಅದ ಇತ್ತೋ, ಬ್ಯಾರೆ ಇತ್ತೋ,
ಹೆಸರು ಕೆರದ ಹಾಳಿಗೆ ಯಾರು ಸಾಕ್ಷಿ?
ಮೊದಲನೇದು ಸೊಂಟನೋವಿಗೆ.
ಎರಡನೇದು ರಾತ್ರಿ ಪಾಳಿಗೆ.
ಮೂರನೇದು ಯಾತಕ್ಕಂತ ಅವಂಗೂ ಗೊತ್ತಿರಲಿಕ್ಕಿಲ್ಲ.

ಈಗ ಯಾರೂ ನಗಲಿಲ್ಲ.
ಓಣ್ಯಾಗ ಒಂದೊಂದ ಮಗ್ಗ ನಿಂತು.
ಖಟಾಖಟಿ ಇಲ್ಲದ ಬನಹಟ್ಟಿ ನಾನೂ ಕೇಳಿದ್ದಿಲ್ಲ.
ಕಿವಿ ಹಿಂಡ್ರಿ, ಹೆಸರು ಹಿಡದು ಒದರ್ರಿ,
ಏಳಲಿಲ್ಲಂದ್ರ ಮಗ್ಗಲಕ್ಕ ಹೊಳ್ಳಸ್ರಿ,
ಒಂದುನೂರ ಎಂಟಕ್ಕ ಫೋನ್ ಹಚ್ಚರಿ,
ಪೊಲೀಸರು ಬಂದಾರಂತ ಬಾಗಲಾ ಹಾಕಬ್ಯಾಡ್ರಿ.

ಎರಡು ಜಡಿ ಹಾಕಿದ ಹುಡುಗಿ ಕೈ ಎತ್ತಿತು:
"ಮಲಗಿದಾವ್ರನ್ನ ಎಬ್ಬಿಸಿದ್ರ ಬೈತಾರಲ್ರೀ?"
ಬೈದ್ರ ಬಾಳ ಚಲೋ ಆತವಾ.
ಬೈಲಾರದಾವ್ರಿಗೆ ಅಂಜು.

ಹಾಳಿ ಎಲ್ಲಿ ಸಿಕ್ತು ಅಂತ ಯಾರೂ ಕೇಳಲಿಲ್ಲ.
ಗುರುಸಿದ್ದಂದು ಪೊಲೀಸರ ಕವರಿನ್ಯಾಗ ಐತಿ.
ಇದು ಹ್ವಾದ ಐತಾರ
ನಮ್ಮಾಕಿ ಅರಬಿ ಒಗಿಯೂವಾಗ
ಮಗನ ಪ್ಯಾಂಟಿನ ಕಿಸೇದಾಗಿಂದ ತಗದು
ಕಲ್ಲಿನ ಮ್ಯಾಲ ಇಟ್ಟದ್ದು.
ಕೇಳಿದ್ರ ಹೇಳತಿದ್ನೋ ಇಲ್ಲೋ.
ಸಾವಿರ ಮಂದಿಗೆ ಹೇಳೂ ಮಾತು
ಒಬ್ಬಂಗ ಹೇಳಾಕ ಬಾಯಿ ಬರವಲ್ತು.

ಡ್ಯೂಟಿ ಮುಗಿಸಿ ಎರಡಕ್ಕ ಮನಿ ಮುಟ್ಟಿದೆ.
ಪಡಸಾಲ್ಯಾಗ ಕತ್ತಲಿ.
ಅವನ ಗೊರಕಿ.
ಬೂಟು ಬಿಚ್ಚಲಿಲ್ಲ. ಎಣಿಸಿದೆ.
ಒಂದು.
ನಡುವ ಗ್ವಾಡಿ ಗಡಿಯಾರ ಏಸು ಸಲ ಅಂತು, ತಪ್ಪಿತು ಲೆಕ್ಕ.
ಎರಡು.
ಕಿವಿ ಹಿಂಡಿದೆ.

"ಏನಪಾ ನಿಂದು, ರಾತ್ರಿ ಸುದ್ದಾ!"
ಅಂತ ಬೈದು ಕೈ ಜಾಡಿಸಿದ.

ಇನ್ನಷ್ಟು ಬೈ ಅಂದೆ.
ದೀಪಾ ಹಚ್ಚಿ, ಹಾಳಿ ನಡುವ ಇಟ್ಟು,
ಹಾಸಿಗಿ ಅಂಚಿಗೆ ಕುಂತೆ.