ಕೊಂಬು

ಕೋಡಿಬಾಗದ ಅಚ್ಚುಕೂಟದಲ್ಲಿ ಕಿಟಕಿ ಪಕ್ಕದ ಮೇಜು ನನ್ನದು.
ಮೂವತ್ತೊಂದು ವರ್ಷದಿಂದ ಕರಡು ತಿದ್ದುತ್ತಿದ್ದೇನೆ.
ಕಾಳಿಯ ಉಪ್ಪುಗಾಳಿಗೆ ಕಾಗದ ತುಸು ಮೆತ್ತಗಾಗುತ್ತದೆ,
ಪೆನ್ಸಿಲು ಜಾಸ್ತಿ ಒತ್ತಬಾರದು.
ಮನೆಯಲ್ಲಿ ಕೊಂಕಣಿ, ಮೇಜಿನ ಮೇಲೆ ಕನ್ನಡ,
ನಡುವೆ ಓಡಾಡಿಯೇ ನನ್ನ ಚಪ್ಪಲಿ ಸವೆದಿದೆ.

ಸೀಸದ ಮೊಳೆಗಳ ಕಾಲದಲ್ಲಿ
ಕೊಂಬಿಗೇ ಬೇರೆ ಮೊಳೆ,
ಗುಬ್ಬಿಯ ಉಗುರಿನಷ್ಟು.
ನೆಲಕ್ಕೆ ಬಿದ್ದರೆ
ಮಂಡಿಯೂರಿ ಹುಡುಕುವ ಕೆಲಸ ನನಗೆ.

ಆಗೆಲ್ಲ ಬರುತ್ತಿದ್ದವರು ವಕೀಲರು, ಹೆಡ್‌ಮಾಸ್ತರರು,
ನಿವೃತ್ತ ಕಸ್ಟಮ್ಸ್ ಸಾಹೇಬರು.
ಕಾದಂಬರಿ ಅವರದು, ಕೈಬರಹ ಅವರದಲ್ಲ.
ದುಂಡಗೆ, ಗೆರೆ ತಪ್ಪದ ಅಕ್ಷರ.
'ನಮ್ಮವಳು ನಕಲು ಚೆನ್ನಾಗಿ ಮಾಡುತ್ತಾಳೆ.'
ಮುನ್ನುಡಿಯ ಬಾಲಕ್ಕೆ ಅರ್ಧ ಸಾಲು:
ಮನೆಯವರ ಸಹಕಾರಕ್ಕೆ ವಂದನೆ.
ಕಾಗುಣಿತ ಸರಿಯಿತ್ತು. ನಾನೇನು ತಿದ್ದಲಿ?

ಒಮ್ಮೆ ನಲವತ್ತೊಂದನೆಯ ಹಾಳೆಯ ಬೆನ್ನಿಗೆ
ಹಾಲಿನವನ ಲೆಕ್ಕ, ಅದರ ಕೆಳಗೆ
ನಾಲ್ಕು ಸಾಲು.
ಸಾಹೇಬರ ಕಾದಂಬರಿಯಲ್ಲಿ ಎಲ್ಲೂ ಇಲ್ಲದವು.
'ಮೂಲದಲ್ಲಿಲ್ಲ' ಎಂದು ಅಂಚಿಗೆ ಬರೆದು
ಅಡ್ಡಗೆರೆ ಎಳೆದೆ.
ನಾನೇ.
ಇಪ್ಪತ್ತಾರು ವರ್ಷವಾಯಿತು, ಮೂರು ಸಾಲು ಮರೆತಿವೆ.
ಒಂದು ಮಾತ್ರ ಊಟದ ಹೊತ್ತಿಗೆ ಬರುತ್ತದೆ:
ಅಳಿವೆಯ ನೀರಿಗೆ ಎರಡು ರುಚಿ, ಕುಡಿಯುವವರಿಲ್ಲ.

ಈಗ ಈ ವರ್ಷ ಹದಿನಾಲ್ಕು ಪುಸ್ತಕ ಬಂದವು,
ಹನ್ನೊಂದು ಹೆಂಗಸರವು.
ಕೈಗಾದ ನರ್ಸೊಬ್ಬಳು ರಾತ್ರಿಪಾಳಿಯಲ್ಲಿ ಬರೆದದ್ದು
ಔಷಧಿ ಚೀಟಿಗಳ ಹಿಂದೆ, ವಾಸನೆ ಇನ್ನೂ ಹೋಗಿಲ್ಲ.
ಭಟ್ಕಳದ ಜುಲೇಖಾ ಕಥೆಯನ್ನು ಫೋನಿಗೆ ಹೇಳಿ ಕಳಿಸುತ್ತಾಳೆ,
ನಡುವೆ ಕುಕ್ಕರಿನ ಸೀಟಿ, ಅದನ್ನೂ ಎಣಿಸಿ ಬರೆದುಕೊಳ್ಳುತ್ತೇನೆ,
ಎಲ್ಲಿ ಪ್ಯಾರಾ ಒಡೆಯಬೇಕೆಂದು ತಿಳಿಯಲು.
ಮಾಲಕರು ಕನ್ನಡಕ ಒರೆಸುತ್ತಾ ಅಂದರು,
'ಎಲ್ಲರಿಗೂ ಕೊಂಬು ಬಂದಿದೆ ಈಗ.'
ನಾನು ತಲೆ ಎತ್ತಲಿಲ್ಲ.
ಒಂದು ಅಲ್ಪವಿರಾಮ ಹುಡುಕುತ್ತಿದ್ದೆ.

ಆಗಲೇ ಬಂದದ್ದು ಬೈತಖೋಲದ ಮೋಹಿನಿ ತಾಂಡೇಲ.
ಬುಟ್ಟಿ ಹೊರಗೆ, ನೊಗ್ಲಿ ತೀರಿತ್ತು, ತಾರ್ಲೆ ಉಳಿದಿತ್ತು.
ಕೈಯಲ್ಲಿ ಉದ್ರಿ ವಹಿ.
ಎಡಗಡೆ ಯಾರು ಎಷ್ಟು ಕೊಡಬೇಕು,
ಬಲಗಡೆ ಕವಿತೆ.
ಹನ್ನೆರಡು ವರ್ಷದ್ದು. ಜಿನುಗು ನೀರಿಗೆ ಶಾಯಿ ಹರಡಿ
ಕೆಲವು ಪದಗಳಿಗೆ ಮೀಸೆ ಬಂದಿತ್ತು.
'ಎಡಗಡೆದು ಅಚ್ಚು ಹಾಕ್ಬೇಡ ಬಾಯೀ,
ಪಾಪ, ಮಾನ ಹೋಗ್ತದೆ ಅವರ್ದು.'

ಏಳನೆಯ ಪುಟದಲ್ಲಿ ತಡೆದೆ.
ನನ್ನ ಸಾಲ ಉದ್ದವಾಗಿದೆ
ಬಂದರಿನಿಂದ ಬಜಾರದ ತನಕ
'ಸಾಲವೋ? ಸಾಲೋ?' ಕೇಳಿದೆ.
'ಕೊಂಬು ಬಿಟ್ಟುಹೋಗಿದೆಯಾ?'
ಅವಳು ಸೆರಗಿನಿಂದ ಕತ್ತು ಒರೆಸಿಕೊಂಡು
ಅಂಗಡಿಯಲ್ಲಿ ಮೀನು ಆರಿಸುವವರ ಹಾಗೆ
ಪುಟ ಪುಟ ತಿರುವಿದಳು.
'ಎಲ್ಲಿ ತೀರಿಸೂಕಾಗ್ತದೆ ಅಲ್ಲಿ ಕೊಂಬು ಹಾಕು.
ಆಗದಿದ್ದಲ್ಲಿ ಹಂಗೇ ಇರ್ಲಿ.'

ಮೂರು ದಿನ ಹಿಡಿಯಿತು ನನಗೆ.
ಹತ್ತೊಂಬತ್ತು ಕಡೆ ಹಾಕಿದೆ, ನಾಲ್ಕು ಕಡೆ ಬಿಟ್ಟೆ.
ಏಳನೆಯ ಪುಟದಲ್ಲಿ ಹಾಕಿ, ಅಳಿಸಿ, ಹಾಕಿ,
ಕಾಗದ ತೂತಾಯಿತು.

ಬಿಡುಗಡೆಯ ದಿನ ವೇದಿಕೆಯಲ್ಲಿ ಐದು ಕುರ್ಚಿ,
ನಾಲ್ಕರಲ್ಲಿ ಸೀರೆ.
ಪ್ರಾರ್ಥನೆ ಹಾಡಿದವನು ಹುಡುಗ,
ಹೂಗುಚ್ಛ ಕೊಟ್ಟವರು ನಮ್ಮ ಮಾಲಕರು.
ಮೋಹಿನಿ ಮೈಕನ್ನು ಕೆಳಗೆ ಎಳೆದು ಹೇಳಿದ್ದು ಇಷ್ಟೇ:
'ಏಳಕ್ಕೆ ಬೋಟು ಬರ್ತದೆ, ಬೇಗ ಓದ್ತೆ.'

ಮೊದಲ ಪುಟದಲ್ಲಿ ನನ್ನ ಹೆಸರು ಹಾಕಿಸಿದ್ದಳು,
ನನಗೆ ತಿಳಿಸದೆ.
ಕರಡು ತಿದ್ದಿದವರು: ಸಲಕ್ಷಾ ಬಾಂದೇಕರ.
ಸು ಹೋಗಿ ಸ.
ಆ ಪುಟ ನನ್ನ ಕಣ್ಣೆದುರೇ ಹಾದುಹೋಗಿತ್ತು,
ಒಮ್ಮೆಯಲ್ಲ, ಎರಡು ಸಲ.
ಬೇರೆಯವರ ಹೆಸರಲ್ಲಿ ಕೂದಲೆಳೆ ತಪ್ಪಿದರೂ ಹಿಡಿಯುವವಳು,
ನನ್ನದನ್ನು ಅಚ್ಚಿನಲ್ಲಿ ಓದಿ ಅಭ್ಯಾಸವಿರಲಿಲ್ಲ.

ಮುನ್ನೂರು ಪ್ರತಿ.
ಕಿಟಕಿ ತೆರೆದಿದೆ, ಪೆನ್ಸಿಲು ಚೂಪಾಗಿದೆ,
ಒಂದೊಂದಕ್ಕೂ ಕೊಂಬು ಹಚ್ಚುತ್ತಿದ್ದೇನೆ,
ಈ ಸಲ ಸ್ವಲ್ಪ ಒತ್ತಿ.
ಎಪ್ಪತ್ತೊಂಬತ್ತಾಯಿತು.